ನಾಲ್ಕನೆಯ ದಿನ ಚುಕ್ಕೆಗಳು ಮಾಯ: ನನ್ನ ಪೌಡರ್ ಬ್ಲೂ ಟ್ಯಾಂಗ್ ಗುಣವಾಯಿತೇ?

ಹನುಮಂತನಗರದ ತೊಟ್ಟಿ

ನಮಸ್ಕಾರ. ಮನೆಯಲ್ಲಿ ನಾಲ್ಕು ಅಡಿ ಉದ್ದದ ಉಪ್ಪುನೀರಿನ ತೊಟ್ಟಿ ಇದೆ, ಸುಮಾರು 250 ಲೀಟರ್. ಎರಡು ಕ್ಲೌನ್ ಮೀನು, ಒಂದು ಗೋಬಿ ಮೀನು, ಒಂದು ಸೀಗಡಿ, ಒಂದಿಷ್ಟು ಮೃದು ಹವಳ. ಒಂದೂವರೆ ವರ್ಷ ಯಾವ ತಕರಾರೂ ಇರಲಿಲ್ಲ. ಎರಡು ವಾರದ ಹಿಂದೆ ಅಂಗಡಿಯಲ್ಲಿ ಪೌಡರ್ ಬ್ಲೂ ಟ್ಯಾಂಗ್ ಎಂಬ ಮೀನು ಕಂಡೆ. ತಿಳಿನೀಲಿ ಮೈ, ಕಪ್ಪು ಮುಖ, ಹಳದಿ ಬೆನ್ನುರೆಕ್ಕೆ. ನಾಲ್ಕು ಅಡಿ ಸಾಕಾಗುತ್ತದೆಯೇ ಎಂದು ಕೇಳಿದ್ದಕ್ಕೆ ಅಂಗಡಿಯವರು "ಧಾರಾಳವಾಗಿ" ಎಂದರು. ತಂದು ನೇರವಾಗಿ ತೊಟ್ಟಿಗೆ ಬಿಟ್ಟೆ.

ಕಳೆದ ಭಾನುವಾರ ಕರೆಂಟ್ ಹೋಗಿ ನಾಲ್ಕು ಗಂಟೆ ಬರಲಿಲ್ಲ. ಸೋಮವಾರ ಬೆಳಿಗ್ಗೆ ನೋಡಿದರೆ ಮೈಮೇಲೆಲ್ಲ ರವೆ ಉದುರಿಸಿದಂತೆ ಬಿಳಿ ಚುಕ್ಕೆಗಳು. ಮೀನು ಕಲ್ಲಿಗೆ ಮೈ ಉಜ್ಜುತ್ತಿತ್ತು. ಬೆಳ್ಳುಳ್ಳಿ ರಸದಲ್ಲಿ ಅದ್ದಿದ ಆಹಾರ ಕೊಟ್ಟೆ. ಗುರುವಾರದ ಹೊತ್ತಿಗೆ ಒಂದು ಚುಕ್ಕೆಯೂ ಇಲ್ಲ. ಗುಣವಾಯಿತೆಂದು ನೆಮ್ಮದಿಯಾಗಿರಬಹುದೇ?

ಸೀಗಡಿಪ್ರಿಯ

ಇರಬಹುದು. ನನ್ನ ಹಳದಿ ಟ್ಯಾಂಗ್‌ಗೂ ಬೆಳ್ಳುಳ್ಳಿಯಿಂದಲೇ ವಾಸಿಯಾಯಿತು. ವಾರಕ್ಕೆರಡು ಸಲ ಕೊಡುತ್ತಿರಿ.

ಮೈಸೂರಿನ ರಸಾಯನದ ಮೇಡಂ

ಬೆಳ್ಳುಳ್ಳಿಯನ್ನು ಒಗ್ಗರಣೆಗೆ ಇಟ್ಟುಕೊಳ್ಳಿ. ಹಸಿವು ಕೆರಳಿಸಲು ಉಪಯೋಗವಾದೀತು, ಅಷ್ಟೆ.

ಮೂವತ್ತು ವರ್ಷ ಪಾಠ ಹೇಳಿದ ಚಾಳಿ, ಸ್ವಲ್ಪ ಉದ್ದವಾಗುತ್ತದೆ. ನೀವು ಕಂಡ ರವೆ ಬಹುಪಾಲು ಕ್ರಿಪ್ಟೊಕಾರಿಯಾನ್ ಇರಿಟಾನ್ಸ್ ಎಂಬ ಏಕಕೋಶ ಜೀವಿ. ಹವ್ಯಾಸಿಗಳ ಬಾಯಲ್ಲಿ 'ಇಕ್'. ಅದು ಮೀನಿನ ಚರ್ಮದೊಳಗೆ ಕುಳಿತು ಮೂರರಿಂದ ಏಳು ದಿನ ಉಂಡು, ಹೊಟ್ಟೆ ತುಂಬಿದ ಮೇಲೆ ತಾನಾಗಿ ಉದುರುತ್ತದೆ. ಉದುರಿ ಮರಳಿಗೂ ಕಲ್ಲಿಗೂ ಅಂಟಿಕೊಂಡು ಗಟ್ಟಿ ಕವಚ ಕಟ್ಟಿಕೊಂಡು, ಒಳಗೆ ನೂರಾರು ಮರಿಗಳಾಗಿ ಒಡೆಯುತ್ತದೆ. ನಿಮ್ಮ ಮೀನಿನ ಮೈಯಿಂದ ಚುಕ್ಕೆಗಳು ಹೋದದ್ದು ನಿಜ. ಹೋದದ್ದು ಎಲ್ಲಿಗೆ ಎಂಬುದಷ್ಟೇ ಪ್ರಶ್ನೆ. ಅವೆಲ್ಲ ಈಗ ನಿಮ್ಮ ಮರಳಿನಲ್ಲಿವೆ.

ಕರೆಂಟ್ ಹೋದದ್ದು ರೋಗಕ್ಕೆ ಕಾರಣವಲ್ಲ, ನೆಪ. ಟ್ಯಾಂಗ್‌ಗಳಿಗೆ ಆಮ್ಲಜನಕ ಬಹಳ ಬೇಕು. ನೀರು ನಿಂತರೆ ಬೇಗ ಬಳಲುತ್ತವೆ, ಬಳಲಿದಾಗ ರೋಗಕ್ಕೆ ಸಸಾರ. ಬ್ಯಾಟರಿಯಲ್ಲಿ ಓಡುವ ಗಾಳಿ ಪಂಪ್ ಒಂದನ್ನು ಇಂದೇ ತನ್ನಿ. ಆದರೆ ಇಕ್ ಬಂದದ್ದು ಮೀನಿನ ಜೊತೆಗೇ.

ಹವಳ ಇರುವ ತೊಟ್ಟಿಗೆ ಔಷಧ, ಅಂದರೆ ತಾಮ್ರದ ದ್ರಾವಣ, ಹಾಕುವಂತಿಲ್ಲ. ತಾಮ್ರದಿಂದ ಸೀಗಡಿಯೂ ಬಸವನಹುಳುವೂ ಹವಳವೂ ಸಾಯುತ್ತವೆ, ಕಲ್ಲು ಆ ತಾಮ್ರವನ್ನು ಹೀರಿಟ್ಟುಕೊಳ್ಳುತ್ತದೆ. ಆದ್ದರಿಂದ ಮೀನುಗಳನ್ನು ಹೊರಗೆ ತೆಗೆದು ಬೇರೆ ತೊಟ್ಟಿಯಲ್ಲಿ ಚಿಕಿತ್ಸೆ. ದೊಡ್ಡ ಪ್ಲಾಸ್ಟಿಕ್ ಡಬ್ಬ, ಹೀಟರ್, ಸ್ಪಂಜ್ ಫಿಲ್ಟರ್, ಅಡಗಿಕೊಳ್ಳಲು ಪಿವಿಸಿ ಪೈಪಿನ ತುಂಡು. ಕಲ್ಲು ಬೇಡ, ಮರಳು ಬೇಡ. ಕೀಲೇಟೆಡ್ ತಾಮ್ರವಾದರೆ (ಬೇರೊಂದು ಅಣು ಹಿಡಿದಿಟ್ಟುಕೊಂಡ ತಾಮ್ರ) ಬಾಟಲಿಯ ಮೇಲೆ ಬರೆದ ಮಟ್ಟಕ್ಕೆ ಎರಡು ಮೂರು ದಿನದಲ್ಲಿ ಹಂತಹಂತವಾಗಿ ಏರಿಸಿ, ಮೂವತ್ತು ದಿನ ಅಲ್ಲೇ ನಿಲ್ಲಿಸಿ. ಅಂದಾಜಿನಲ್ಲಿ ಹಾಕಬೇಡಿ: ಕಡಿಮೆಯಾದರೆ ಇಕ್ ಬದುಕುತ್ತದೆ, ಹೆಚ್ಚಾದರೆ ಮೀನು ಸಾಯುತ್ತದೆ. ದಿನವೂ ಅಳೆಯಿರಿ. ಇನ್ನೊಂದು ಮಾತು, ಮೀನಿನ ತ್ಯಾಜ್ಯದಿಂದ ಹುಟ್ಟುವ ಅಮೋನಿಯಾವನ್ನು ಕಟ್ಟಿಹಾಕುವ ದ್ರಾವಣಗಳನ್ನು ತಾಮ್ರವಿರುವ ನೀರಿಗೆ ಸೇರಿಸಲೇಬೇಡಿ. ಅವು ಕೀಲೇಟೆಡ್ ತಾಮ್ರವನ್ನು ಬಿಡಿಸಿ ವಿಷವಾಗಿಸಬಲ್ಲವು. ಅಮೋನಿಯಾ ಏರಿದರೆ ನೀರು ಬದಲಾಯಿಸಿ. ಹೊಸ ನೀರಿನಲ್ಲೂ ಅಷ್ಟೇ ತಾಮ್ರವಿರಲಿ.

ಈ ರಸಾಯನಶಾಸ್ತ್ರ ಗೊತ್ತಿದ್ದೂ ನಾನು ಒಂದು ಅಕಿಲೀಸ್ ಟ್ಯಾಂಗನ್ನು ಕೊಂದಿದ್ದೇನೆ. ಶನಿವಾರ ಅಳೆಯಲು ಬೇಸರವಾಗಿತ್ತು, ಅಷ್ಟೇ ಕಾರಣ.

ಹನುಮಂತನಗರದ ತೊಟ್ಟಿ

ಮೇಡಂ, ಓದಿ ಹೊಟ್ಟೆ ತೊಳಸಿದಂತಾಯಿತು. ಕ್ಲೌನ್ ಮೀನುಗಳ ಮೈಮೇಲೆ ಏನೂ ಇಲ್ಲ. ಅವನ್ನೂ ತೆಗೆಯಬೇಕೇ?

ಮೈಸೂರಿನ ರಸಾಯನದ ಮೇಡಂ

ಎಲ್ಲವನ್ನೂ. ಗೋಬಿಯನ್ನೂ. ಕವಚದಿಂದ ಹೊರಬಂದ ಮರಿಗೆ ಒಂದೆರಡು ದಿನದೊಳಗೆ ಮೀನು ಸಿಗದಿದ್ದರೆ ಸಾಯುತ್ತದೆ, ಒಂದೇ ಒಂದು ಮೀನು ಉಳಿದಿದ್ದರೂ ಅದಕ್ಕೆ ಅನ್ನ ಇಟ್ಟಂತೆ. ಮೀನಿಲ್ಲದ ತೊಟ್ಟಿ 76 ದಿನ ಹಾಗೆಯೇ ಇರಲಿ. ಹೆಚ್ಚಿನ ಕವಚಗಳು ನಾಲ್ಕು ವಾರದೊಳಗೆ ಒಡೆಯುತ್ತವೆ. ಆದರೆ 72 ದಿನ ಕಾದು ಒಡೆದದ್ದೂ ದಾಖಲಾಗಿದೆ, ಅದಕ್ಕೇ ಈ ವಿಚಿತ್ರ ಅಂಕಿ. ಸೀಗಡಿಗೂ ಹವಳಕ್ಕೂ ಇಕ್ ಹಿಡಿಯುವುದಿಲ್ಲ, ಅವು ಅಲ್ಲೇ ಇರಲಿ.

ಸೀಗಡಿಪ್ರಿಯ ಅವರೇ, ನಿಮ್ಮ ಹಳದಿ ಟ್ಯಾಂಗ್ ಬದುಕಿದ್ದು ಸುಳ್ಳಲ್ಲ. ರೋಗ ಬಂದು ಹೋದ ಮೀನಿಗೆ ಒಂದಿಷ್ಟು ಪ್ರತಿರೋಧ ಬರುತ್ತದೆ. ಆ ತೊಟ್ಟಿಗೆ ಹೊಸ ಮೀನು ಬಿಟ್ಟು ನೋಡಿದ್ದೀರಾ?

ಸೀಗಡಿಪ್ರಿಯ

ಬಿಟ್ಟಿದ್ದೆ. ಎರಡು. ಎರಡೂ ಹೋದವು. ಅಂಗಡಿಯವರ ಮೀನು ಸರಿಯಿಲ್ಲ ಎಂದುಕೊಂಡಿದ್ದೆ.

ಅಲೆಗಾರ, ಮಂಗಳೂರು

ನಾಲ್ಕು ವರ್ಷ ಮಾಲ್ದೀವ್ಸ್‌ನ ರೆಸಾರ್ಟ್ ಒಂದರಲ್ಲಿ ಡೈವಿಂಗ್ ಕಲಿಸುತ್ತಿದ್ದೆ. ಪೌಡರ್ ಬ್ಲೂ ಅಲ್ಲಿ ಹಿಂಡಾಗಿ ಬರುತ್ತದೆ. ನೂರಾರು ಮೀನು ಬಂಡೆಯ ನೆತ್ತಿಗೆ ಒಟ್ಟಿಗೆ ಇಳಿದು ಪಾಚಿ ಕೆರೆದು ತಿಂದು, ಮತ್ತೆ ಎದ್ದು ಮುಂದಿನ ಬಂಡೆಗೆ ಹೋಗುತ್ತವೆ. ಬೆಳಗಿನಿಂದ ಸಂಜೆಯವರೆಗೆ ಇದೇ ಕೆಲಸ. ತೊಟ್ಟಿಯಲ್ಲಿ ಹೊತ್ತಿಗೊಮ್ಮೆ ಚಿಟಿಕೆ ಆಹಾರ ಉದುರಿಸಿದರೆ ಈ ಹೊಟ್ಟೆ ಒಪ್ಪುವುದಿಲ್ಲ. ನೋರಿ ಎಂಬ ಕಡಲಪಾಚಿಯ ಹಾಳೆ ಸಿಗುತ್ತದೆ. ಉಪ್ಪು, ಎಣ್ಣೆ, ಮಸಾಲೆ ಸೇರಿಸದ ಹಾಳೆಯನ್ನು ತಂದು ಕ್ಲಿಪ್ಪಿಗೆ ಸಿಕ್ಕಿಸಿ ದಿನವಿಡೀ ಮೇಯಲು ಬಿಡಿ. ಮುಂದಿನಿಂದ ನೋಡಿದಾಗ ಹೊಟ್ಟೆ ಒಳಕ್ಕೆ ಅಂಟಿದ್ದರೆ ಮೇವು ಸಾಲದು ಎಂದರ್ಥ.

ಹಿಡಿಯುವಾಗ ಬಲೆ ಬಳಸಬೇಡಿ. ಬಾಲದ ಬುಡದಲ್ಲಿ ಎರಡೂ ಪಕ್ಕ ಮಡಚಿಟ್ಟ ಚಾಕುವಿನಂಥ ಮುಳ್ಳಿದೆ, ಬಲೆಗೆ ಸಿಕ್ಕಿಕೊಳ್ಳುತ್ತದೆ. ಪಾರದರ್ಶಕ ಡಬ್ಬದಲ್ಲಿ ಹಿಡಿಯಿರಿ. ನನ್ನ ಹೆಬ್ಬೆರಳಿನಲ್ಲಿ ಗುರುತು ಇನ್ನೂ ಇದೆ.

ಅಂಗಡಿಯವರ "ಧಾರಾಳ"ದ ಬಗ್ಗೆ: ಈ ಮೀನು ಬೆಳೆದರೆ ಒಂದು ಗೇಣು. ಆರು ಅಡಿಗಿಂತ ಕಡಿಮೆ ಉದ್ದದ ತೊಟ್ಟಿಯಲ್ಲಿ ಗೋಡೆಯಿಂದ ಗೋಡೆಗೆ ಓಡುತ್ತ ಸೊರಗುತ್ತದೆ. ರೋಗ ವಾಸಿಯಾದ ಮೇಲೆ ಎಲ್ಲಿ ಬಿಡುತ್ತೀರಿ ಎಂಬುದನ್ನು ಈಗಲೇ ಯೋಚಿಸಿ.

ಹನುಮಂತನಗರದ ತೊಟ್ಟಿ

ಇಂದು ನಲವತ್ತಮೂರನೆಯ ದಿನ. ಗೋಬಿಯನ್ನು ಹಿಡಿಯಲು ರಾತ್ರಿ ಎರಡು ಗಂಟೆಯವರೆಗೆ ಕಲ್ಲುಗಳನ್ನೆಲ್ಲ ಎತ್ತಿಟ್ಟೆ, ನೆಲವೆಲ್ಲ ಉಪ್ಪು. ತಾಮ್ರದ ಮೂವತ್ತು ದಿನ ಮುಗಿದು ಮೀನುಗಳೆಲ್ಲ ಬೇರೊಂದು ಶುದ್ಧ ತೊಟ್ಟಿಯಲ್ಲಿವೆ. ಒಂದು ಕ್ಲೌನ್ ಎರಡನೆಯ ವಾರ ಸತ್ತಿತು. ಆ ದಿನ ಅಮೋನಿಯಾ ಏರಿದ್ದನ್ನು ನಾನು ಗಮನಿಸಿರಲಿಲ್ಲ. ಟ್ಯಾಂಗ್ ಮೊದಲ ಐದು ದಿನ ನೋರಿಯನ್ನು ಮೂಸಿಯೂ ನೋಡಲಿಲ್ಲ. ಹಾಳೆಯನ್ನು ಕ್ಲಿಪ್ಪಿನ ಬದಲು ಒಂದು ಚಪ್ಪಟೆ ಕಲ್ಲಿಗೆ ರಬ್ಬರ್ ಬ್ಯಾಂಡಿನಲ್ಲಿ ಕಟ್ಟಿ ತಳದಲ್ಲಿಟ್ಟೆ, ಆರನೆಯ ದಿನ ಅಂಚನ್ನು ಕಿತ್ತಿತು. ಈಗ ದಿನಕ್ಕೆ ಅಂಗೈಯಗಲದ ಹಾಳೆ ಸಾಲುವುದಿಲ್ಲ.

ಅಲೆಗಾರರೇ, ಕೋಣೆಯ ಗೋಡೆ ಅಳೆದೆ. ಐದು ಅಡಿ ಎಂಟು ಅಂಗುಲ. ಪುಸ್ತಕದ ಕಪಾಟು ಸರಿಸಿದರೆ ಆರೂವರೆ ಆಗುತ್ತದೆ, ಆದರೆ ಕಪಾಟು ಮಾವನವರು ಕೊಟ್ಟದ್ದು. ಹೆಂಡತಿ ಇನ್ನೂ ಉತ್ತರ ಹೇಳಿಲ್ಲ. ಅವಳು ಒಪ್ಪದಿದ್ದರೆ ಮೀನನ್ನು ತೆಗೆದುಕೊಳ್ಳಲು ಜಯನಗರದ ಹವ್ಯಾಸಿಯೊಬ್ಬರು ಮುಂದೆ ಬಂದಿದ್ದಾರೆ. ಅವರ ತೊಟ್ಟಿ ಎಂಟು ಅಡಿ.

ಮೈಸೂರಿನ ರಸಾಯನದ ಮೇಡಂ

ಅವರ ತೊಟ್ಟಿಯಲ್ಲಿ ಈಗಾಗಲೇ ಟ್ಯಾಂಗ್ ಇದೆಯೇ ಎಂದು ಕೇಳಿಕೊಳ್ಳಿ. ಇದ್ದರೆ ಮೊದಲ ಒಂದು ವಾರ ತೂತಿನ ಡಬ್ಬದೊಳಗಿಟ್ಟು ತೋರಿಸಬೇಕು, ಇಲ್ಲವಾದರೆ ಹಳೆಯದು ಹೊಸದನ್ನು ಆ ಮುಳ್ಳಿನಿಂದಲೇ ಸೀಳುತ್ತದೆ. ಕಪಾಟಿನ ವಿಷಯದಲ್ಲಿ ನನ್ನ ರಸಾಯನಶಾಸ್ತ್ರ ಉಪಯೋಗಕ್ಕೆ ಬಾರದು.