ಸಹಾಯ ಬೇಕು: ಅಮ್ಮನ ಹಲ್ಲು ಕೀಳಲು ತಾಳ್ಮೆಯಿರುವ ದಂತವೈದ್ಯರು

ನಮಸ್ಕಾರ. ನಮ್ಮ ಮನೆ ಕಾಸರಗೋಡು ಜಿಲ್ಲೆಯ ಬದಿಯಡ್ಕದ ಹತ್ತಿರ. ಅಮ್ಮನಿಗೆ 67 ವರ್ಷ. ಕೆಳದವಡೆಯ ಕೊನೆಯ ಹಲ್ಲು ಹುಳುಕಾಗಿ ಅರ್ಧ ಮುರಿದಿದೆ. ಎಕ್ಸ್‌ರೇಯಲ್ಲಿ ಬೇರು ಕೊಕ್ಕೆಯಂತೆ ಬಾಗಿ ನರದ ಹತ್ತಿರವೇ ಕಾಣುತ್ತದೆ.

ಕಳೆದ ವಾರ ಒಂದು ಕಡೆ ಕೀಳಿಸಲು ಹೋಗಿದ್ದೆವು. ಕೀವು, ಬಾವು ಇದ್ದಾಗ ಮರಗಟ್ಟಿಸುವ ಇಂಜೆಕ್ಷನ್ ಸರಿಯಾಗಿ ಹಿಡಿಯದಿರಬಹುದು ಎಂದು ಆಮೇಲೆ ತಿಳಿಯಿತು. ನೋವಾಗಿ ಅಮ್ಮ ಕೈ ಎತ್ತಿದರೂ ಅಲ್ಲಿನ ಡಾಕ್ಟರು ನಿಲ್ಲಿಸಲಿಲ್ಲ. ಮಲಯಾಳದಲ್ಲಿ ಗದರಿದ್ದು ಅಮ್ಮನಿಗೆ ಅರ್ಥವೂ ಆಗಲಿಲ್ಲ, ಹೆದರಿ ಅತ್ತುಬಿಟ್ಟರು. ಹಲ್ಲು ಅಲ್ಲೇ ಇದೆ. ಈಗ ಗಂಜಿ ತಿಳಿ ಬಿಟ್ಟರೆ ಬೇರೇನೂ ಇಳಿಯುತ್ತಿಲ್ಲ.

ಹಿಂದೆ ಮಂಗಳೂರಿನಲ್ಲಿ ನನ್ನ ಬುದ್ಧಿಹಲ್ಲು ತೆಗೆದ ಡಾಕ್ಟರನ್ನು ಇವತ್ತಿಗೂ ನೆನೆಯುತ್ತೇನೆ. "ಈಗ ಒತ್ತಿದ ಹಾಗೆ ಆಗ್ತದೆ, ನೋವಾದರೆ ಎಡಗೈ ಎತ್ತಿ" ಅಂದರು. ಎತ್ತಿದಾಗಲೆಲ್ಲ ನಿಂತರು, ಇನ್ನಷ್ಟು ಮದ್ದು ಕೊಟ್ಟು ಕಾದರು. ಹಲ್ಲನ್ನು ತುಂಡು ಮಾಡಿ ಬೇರುಗಳನ್ನು ಒಂದೊಂದಾಗಿ ತೆಗೆದರು. ಒಂದೂವರೆ ಗಂಟೆ ಹಿಡಿದರೂ ಸಿಡುಕಲಿಲ್ಲ. ಅವರೀಗ ನಿವೃತ್ತರು.

ಅಂಥವರು ಕಾಸರಗೋಡು, ಕುಂಬಳೆ, ಉಪ್ಪಳ, ಪುತ್ತೂರು ಕಡೆ ಇದ್ದಾರಾ? ಕನ್ನಡ ಅಥವಾ ತುಳು ಮಾತನಾಡುವ ಓರಲ್ ಸರ್ಜನ್ (ಬಾಯಿ, ದವಡೆಯ ಶಸ್ತ್ರಚಿಕಿತ್ಸೆ ಮಾಡುವ ದಂತವೈದ್ಯರು) ಆದರೆ ತುಂಬಾ ಒಳ್ಳೆಯದು. ಅಮ್ಮ ಬಿಪಿ ಮಾತ್ರೆ, ಆಸ್ಪಿರಿನ್ ತೆಗೆದುಕೊಳ್ಳುತ್ತಾರೆ. ನಾವಾಗಿ ಯಾವುದನ್ನೂ ನಿಲ್ಲಿಸಿಲ್ಲ, ಹೃದಯದ ಡಾಕ್ಟರನ್ನು ಕೇಳಿಯೇ ಮುಂದುವರಿಯುವವರು ಬೇಕು. ನೀವು ಅಥವಾ ನಿಮ್ಮ ಮನೆಯ ಹಿರಿಯರು ಸ್ವತಃ ತೋರಿಸಿದವರನ್ನೇ ದಯವಿಟ್ಟು ತಿಳಿಸಿ. ದೂರವಾದರೂ ಕರೆದುಕೊಂಡು ಹೋಗುತ್ತೇನೆ.