ಪದಚರ್ಚೆ: ‘ಶೇ 50ರವರೆಗೆ’ ಅಂದರೆ ಎಷ್ಟು? ಮಾರಾಟದ ಮೇಲ್‌ಗಳ ವಿಷಯ ಸಾಲಿನ ಬಗ್ಗೆ

ಎಲ್ಲರಿಗೂ ನಮಸ್ಕಾರ.

ಒಂದು ಸಣ್ಣ ಪುಸ್ತಕ ಪ್ರಕಾಶನಕ್ಕೆ ನಾನು ಮಾರಾಟದ ಮೇಲ್‌ಗಳನ್ನು ಬರೆದುಕೊಡುತ್ತೇನೆ. ಹೊಸ ಕಾದಂಬರಿ ಬಂತು, ರಾಜ್ಯೋತ್ಸವದ ರಿಯಾಯಿತಿ ಶುರುವಾಯಿತು, ಇಂಥವು. ಮೇಲ್ ಒಳಗಿನ ಒಕ್ಕಣೆ ಹೇಗೋ ಆಗುತ್ತದೆ. ಕೈ ತಡೆಯುವುದು ವಿಷಯ ಸಾಲಿನಲ್ಲಿ (ಸಬ್ಜೆಕ್ಟ್ ಲೈನ್). ಲಗ್ನಪತ್ರಿಕೆಯ ಮೂಲೆಗೆ ಹಚ್ಚಿದ ಅರಿಶಿನ ನೋಡಿದರೆ ಸಾಕು, ಒಳಗೇನಿದೆ ಅಂತ ತೆರೆಯದೆಯೇ ಗೊತ್ತಾಗುತ್ತದಲ್ಲ, ಈ ಸಾಲಿನ ಕೆಲಸವೂ ಅದೇ. ಅಲ್ಲಿ ಬಳಸುವ ಕೆಲವು ಮಾತುಗಳ ಬಗ್ಗೆ ನಿಮ್ಮನ್ನು ಕೇಳಬೇಕಿದೆ.

ನವೆಂಬರ್‌ಗೆ ಬರೆದಿಟ್ಟ ಸಾಲು ಹೀಗಿದೆ: ‘ನವೆಂಬರ್ 30ರವರೆಗೆ ಶೇ 50ರವರೆಗೆ ರಿಯಾಯಿತಿ ಪಡೆಯಿರಿ’. ಎರಡು ‘ವರೆಗೆ’ ಒತ್ತೊತ್ತಿಗೆ ಕೂತು ಕಿವಿಗೆ ಹಿತವಿಲ್ಲ. ಅದು ಹೋಗಲಿ, ಒಂದನ್ನು ‘ತನಕ’ ಮಾಡಿದರೆ ಆಯಿತು. ತೊಡಕಿರುವುದು ಅರ್ಥದಲ್ಲಿ. 30ನೇ ತಾರೀಕು ರಾತ್ರಿ ಆರ್ಡರ್ ಮಾಡಿದವರಿಗೆ ರಿಯಾಯಿತಿ ಉಂಟೋ, ಇಲ್ಲವೋ? ನನ್ನ ಕಿವಿಗೆ ಉಂಟು. ಆದರೆ ‘ಹಬ್ಬದವರೆಗೆ’ ಅಂದಾಗ ಹಬ್ಬದ ದಿನ ಸೇರಿತಾ, ಹಿಂದಿನ ದಿನಕ್ಕೇ ಮುಗಿಯಿತಾ? ‘30ರೊಳಗೆ’ ಇನ್ನೂ ಗೋಜಲು. ಅದು 29ಕ್ಕೇ ಮುಗಿಯುತ್ತದೆ ಅನ್ನುವವರನ್ನೂ ನೋಡಿದ್ದೇನೆ. ‘30 ಕಡೇ ದಿನ’ ಅಂದುಬಿಟ್ಟರೆ ಜಗಳವೇ ಇಲ್ಲ. ಆದರೂ ‘ವರೆಗೆ’ಗೆ ವ್ಯಾಕರಣದಲ್ಲಿ ಖಚಿತವಾದ ಗಡಿ ಏನಾದರೂ ಇದೆಯೇ? ಬಲ್ಲವರು ಹೇಳಬೇಕು. ಮಂಡ್ಯ ಕಡೆಯ ‘ಗಂಟ’, ಉತ್ತರ ಕರ್ನಾಟಕದ ‘ಮಟ’ ಬಳಸುವಾಗ ಆ ದಿನವನ್ನೂ ಸೇರಿಸಿಯೇ ಹೇಳುತ್ತೀರಾ ಅನ್ನುವುದೂ ತಿಳಿಯಬೇಕು.

ಪ್ರಮಾಣದ ‘ವರೆಗೆ’ಯದು ಬೇರೆ ಕಥೆ. ಪತ್ರಿಕೆಯಲ್ಲಿ ‘ಶೇ 50ರಷ್ಟು’ ಅಂತ ಬಂದರೆ ಅದು ನೇರ ಐವತ್ತು. ಜಾಹೀರಾತಿನಲ್ಲಿ ಒಂದಕ್ಕೆ ಹತ್ತು, ಒಂದಕ್ಕೆ ಐವತ್ತು ಇದ್ದರೂ ಧಾರಾಳವಾಗಿ ‘ರಷ್ಟು’ ಬೀಳುತ್ತದೆ. ಆಷಾಢದ ಸೇಲ್ ಬೋರ್ಡುಗಳನ್ನು ನೋಡಿ. 50 ಅನ್ನುವ ಅಂಕಿ ಆಳೆತ್ತರ ಇರುತ್ತದೆ. ಕೆಳಗಿನ ‘ವರೆಗೆ’ಯನ್ನು ಹತ್ತಿರ ಹೋಗಿ ಓದಬೇಕು. ಮೇಲ್‌ನ ವಿಷಯ ಸಾಲಿನಲ್ಲಿ ಈ ಆಟ ನಡೆಯುವುದಿಲ್ಲ, ಎಲ್ಲ ಅಕ್ಷರಕ್ಕೂ ಒಂದೇ ಅಳತೆ. ಹಾಗಾಗಿ ಅಲ್ಲಿ ‘ವರೆಗೆ’ಯನ್ನೇ ಬಿಟ್ಟುಬಿಡುವ ಆಸೆ ಹುಟ್ಟುತ್ತದೆ. ನಾನು ‘ಶೇ 10ರಿಂದ 50 ರಿಯಾಯಿತಿ’ ಅನ್ನುವ ಪಕ್ಷ. ಓದುವವರಿಗೆ ಎರಡೂ ತುದಿ ಕಾಣುತ್ತದೆ. ಅಂದಹಾಗೆ, ಶಾಲೆಯ ಲೆಕ್ಕದಲ್ಲಿ, ಬ್ಯಾಂಕಿನ ಬಿಲ್ಲಿನಲ್ಲಿ ರಿಯಾಯಿತಿ ಅನ್ನುವ ಅರ್ಥಕ್ಕೆ ಇದ್ದ ‘ಸೋಡಿ’ ಪದವನ್ನು ಮತ್ತೆ ಬಳಕೆಗೆ ತರಬಹುದೇ? ಎರಡೇ ಅಕ್ಷರ. ಆದರೆ ಇಂದಿನ ಓದುಗರಿಗೆ ಅದು ‘ಸೋಡಾ’ದ ತಮ್ಮನಂತೆ ಕೇಳಿಸೀತು ಅನ್ನುವ ಅಳುಕಿದೆ.

ಈಗ ಸಾಲಿನ ಕೊನೆಯ ‘ಪಡೆಯಿರಿ’ಗೆ ಬರುತ್ತೇನೆ. ನನಗೆ ನಿಜವಾಗಿ ತಲೆ ಕೆಡಿಸಿರುವುದು ಅದೇ.

ಫೋನಿನಲ್ಲಿ ವಿಷಯ ಸಾಲು ಪೂರ್ತಿ ಕಾಣುವುದಿಲ್ಲ. ನಾಲ್ಕೈದು ಪದ ಕಂಡರೆ ಪುಣ್ಯ, ಆಮೇಲೆ ಮೂರು ಚುಕ್ಕಿ. ಕನ್ನಡದಲ್ಲಿ ಕ್ರಿಯಾಪದ ಬರುವುದೇ ಕೊನೆಗೆ. ಈಚೆಗೆ ಆನ್‌ಲೈನ್ ಅಂಗಡಿಯೊಂದರಿಂದ ಬಂದ ಮೇಲ್ ನೋಡಿ: ‘ಇನ್ನು ಮುಂದೆ ನಿಮ್ಮ ಆರ್ಡರ್‌ಗಳಿಗೆ ಡೆಲಿವರಿ ಶುಲ್ಕ…’ ಇದೇನು ಹೊಸ ವಸೂಲಿ ಅಂತ ತೆರೆದರೆ, ಚುಕ್ಕಿಗಳ ಹಿಂದೆ ಇದ್ದದ್ದು ‘ಇರುವುದಿಲ್ಲ’. ಸಿಹಿ ಸುದ್ದಿಯೇ ಕಹಿ ಸುದ್ದಿಯಾಗಿ ಬಂದು ಕೂತಿತ್ತು. ಇಂಗ್ಲಿಷ್‌ನವರ ‘ನೋ’ ಸಾಲಿನ ತಲೆಯಲ್ಲೇ ಇರುತ್ತದೆ. ನಮ್ಮ ‘ಇಲ್ಲ’ ಬಾಲದಲ್ಲಿದೆ, ಬಾಲವೇ ಮೊದಲು ಕತ್ತರಿಸಿಹೋಗುತ್ತದೆ. ಇಂಗ್ಲಿಷ್ ಸಾಲನ್ನು ಕನ್ನಡಕ್ಕೆ ತಂದು ಹಾಗೇ ಕಳಿಸುವವರು ಇದನ್ನು ಫೋನಿನಲ್ಲಿ ಒಮ್ಮೆಯೂ ನೋಡಿರುವುದಿಲ್ಲ ಅನಿಸುತ್ತದೆ.

ಪತ್ರಿಕೆಗಳ ತಲೆಬರಹ ಬರೆಯುವವರು ಇದಕ್ಕೆ ಎಂದೋ ದಾರಿ ಕಂಡುಕೊಂಡಿದ್ದಾರೆ. ‘ಭಾರಿ ಮಳೆ: ಶಾಲೆಗಳಿಗೆ ರಜೆ’, ‘ನಾಳೆ ವಿದ್ಯುತ್ ವ್ಯತ್ಯಯ’. ಕ್ರಿಯಾಪದವೇ ಇಲ್ಲ, ಆದರೂ ಏನೂ ಕೊರತೆಯಿಲ್ಲ. ಅದೇ ಧಾಟಿಯಲ್ಲಿ ‘ಡೆಲಿವರಿ ಫ್ರೀ, ಇನ್ನು ಮುಂದೆ’ ಅಂದರೆ ಬಾಲ ಕತ್ತರಿಸಿದರೂ ಅರ್ಥ ಉಳಿಯುತ್ತದೆ. ಕುಂದು ಒಂದೇ. ನಾಮಪದಗಳ ಸಾಲು ಕರೆದಂತೆ ಇರುವುದಿಲ್ಲ, ಪ್ರಕಟಣೆ ಅಂಟಿಸಿದಂತೆ ಇರುತ್ತದೆ. ಹಾಗಂತ ‘ಪಡೆಯಿರಿ’ಯಲ್ಲಿ ಕರೆಯುವ ಗುಣ ಇದೆಯೇ? ಮನೆಗೆ ಬಂದವರಿಗೆ ‘ಕಾಫಿ ಪಡೆಯಿರಿ’ ಅಂತ ಯಾರೂ ಹೇಳುವುದಿಲ್ಲ, ‘ತಗೊಳ್ಳಿ’ ಅಂತಾರೆ. ಆಡುಮಾತಿನಲ್ಲಿ ಕ್ರಿಯಾಪದ ಸಲೀಸಾಗಿ ಮುಂದೆ ಬರುತ್ತದೆ: ‘ಬಂತು ನೋಡಿ ಹೊಸ ಕಾದಂಬರಿ’, ‘ತಗೊಳ್ಳಿ, ಇನ್ನೊಂದು ಪುಸ್ತಕ ಫ್ರೀ’. ಸಂತೆಯಲ್ಲಿ ಕೂಗುವ ‘ಬನ್ನಿ ಬನ್ನಿ’ ಕೂಡ ಇದೇ ಜಾತಿ. ಬರಹದಲ್ಲಿ ಈ ಕ್ರಮ ಬಂದರೆ ಹಗುರ ಅನಿಸುತ್ತದಾ, ಆಪ್ತ ಅನಿಸುತ್ತದಾ? ಕಥೆ, ಕಾದಂಬರಿಗೆ ಒಪ್ಪುತ್ತದೆ ಅಂತ ನನ್ನ ಲೆಕ್ಕ. ವಚನಗಳ ಸಂಪುಟಕ್ಕೆ ‘ಬಂತು ನೋಡಿ’ ಅನ್ನಲು ಮಾತ್ರ ಮನಸ್ಸು ಬರುತ್ತಿಲ್ಲ.

ಮೇಲ್ ಕಳಿಸುವ ತಂತ್ರಾಂಶಗಳ ಎಣಿಕೆ ಬಗ್ಗೆಯೂ ಒಂದು ಮಾತು. ‘50 ಅಕ್ಷರ ದಾಟಬೇಡಿ’ ಅನ್ನುವ ಸಲಹೆ ಎಲ್ಲೆಲ್ಲೂ ಸಿಗುತ್ತದೆ. ಯಾವ ಅಕ್ಷರ? ‘ರಾಜ್ಯೋತ್ಸವ’ ನಮಗೆ ನಾಲ್ಕು ಅಕ್ಷರ. ಕಂಪ್ಯೂಟರ್ ಲಿಪಿಗಳನ್ನು ಗುರುತಿಸುವ ಯೂನಿಕೋಡ್ ಲೆಕ್ಕದಲ್ಲಿ ವ್ಯಂಜನ, ವಿರಾಮ (ಒತ್ತಕ್ಷರ ಕೂಡಿಸುವ ಅರ್ಧಾಕ್ಷರದ ಚಿಹ್ನೆ), ಸ್ವರಚಿಹ್ನೆ ಎಲ್ಲ ಬೇರೆ ಬೇರೆ, ಒಟ್ಟು 10. ‘ಸ್ತ್ರೀ’ ಒಂದೇ ಅಕ್ಷರ, ಅಲ್ಲಿ ಆರು. ಮಿತಿ ದಾಟಿತೆಂದು ತಂತ್ರಾಂಶದ ಪೆಟ್ಟಿಗೆ ಕೆಂಪಾಯಿತು ಅಂತ ಒಳ್ಳೆಯ ಸಾಲನ್ನು ಕತ್ತರಿಸಬೇಡಿ. ಪರದೆಯ ಮೇಲೆ ಎಷ್ಟು ಅಗಲ ಬರುತ್ತದೆ ಅನ್ನುವುದಷ್ಟೇ ಮುಖ್ಯ. ನಿಮ್ಮದೇ ಫೋನಿಗೆ ಒಮ್ಮೆ ಕಳಿಸಿ ನೋಡಿದರೆ ಗೊತ್ತಾಗುತ್ತದೆ.

ಹೆಸರು ಹಾಕಿ ಕರೆಯುವ ಪದ್ಧತಿಯೂ ಇಂಗ್ಲಿಷ್ ಅಚ್ಚಿನಲ್ಲೇ ಬಂದಿದೆ. ಫಾರ್ಮಿನ ‘ಮೊದಲ ಹೆಸರು’ ಅನ್ನುವ ಖಾನೆಯಲ್ಲಿ ನಮ್ಮ ಹಳೇ ಮೈಸೂರಿನವರು ಇನಿಷಿಯಲ್ ತುಂಬಿರುತ್ತಾರೆ. ಮೇಲ್ ಹೋಗುವುದು ‘ಎಚ್ ಅವರೇ, ನಿಮಗಾಗಿ ಮೂರು ಪುಸ್ತಕ’ ಅಂತ. ಇನ್ನು ‘ಗೆ’ ಪ್ರತ್ಯಯವನ್ನು ಹೆಸರಿಗೆ ಅಂಟಿಸಲು ಹೋದರೆ ‘ರಮೇಶಗೆ’, ‘ಸುರೇಶಗೆ’ ಅಂತ ವಿಚಿತ್ರಗಳು ಹುಟ್ಟುತ್ತವೆ. ಸರಿಪಡಿಸಿ ‘ರಮೇಶನಿಗೆ’ ಅಂದರೆ ಏಕವಚನ, ಗಿರಾಕಿಗೆ ಕೋಪ. ಜಾಗ ಬಿಟ್ಟು ‘ಅವರಿಗೆ’ ಹಾಕುವುದೇ ವಾಸಿ. ಅದಕ್ಕಿಂತ ವಾಸಿ, ಹೆಸರು ಬಿಟ್ಟು ‘ನಿಮಗೆ’ ಅನ್ನುವುದು.

ಅವಸರ ಹುಟ್ಟಿಸುವ ಪದಗಳ ಬಗ್ಗೆ ನನಗೆ ಅಸಮಾಧಾನವಿದೆ. ‘ತ್ವರೆ ಮಾಡಿ’ ಅನ್ನುವುದನ್ನು ಜಾಹೀರಾತಿನ ಹೊರಗೆ ನಾನು ಕೇಳಿಯೇ ಇಲ್ಲ. ‘ಇಂದೇ ಕೊನೆ’ ಚೆನ್ನಾಗಿದೆ, ಆದರೆ ನಿಜವಾಗಿ ಇಂದೇ ಕೊನೆಯಾಗಿರಬೇಕು. ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರ 2023ರ ನವೆಂಬರ್‌ನಲ್ಲಿ ಆನ್‌ಲೈನ್ ವ್ಯಾಪಾರದ 13 ಬಗೆಯ ಮೋಸದ ತಂತ್ರಗಳನ್ನು ಪಟ್ಟಿ ಮಾಡಿತು. ಸುಳ್ಳು ಅವಸರ ಹುಟ್ಟಿಸುವುದು ಅದರಲ್ಲಿ ಮೊದಲನೆಯದು. ಇನ್ನೊಂದು ಕುತಂತ್ರ, ಎಂದೂ ಬರೆಯದ ಪತ್ರಕ್ಕೆ ಉತ್ತರ ಬಂದಂತೆ ಸಾಲಿನ ಮೊದಲಿಗೆ ‘ರೀ:’ ಸೇರಿಸುವುದು. ಅದು ಲ್ಯಾಟಿನ್‌ನ ‘ಇನ್ ರೀ’, ಅಂದರೆ ‘ಈ ವಿಷಯದಲ್ಲಿ’ ಅನ್ನುವುದರ ತುಂಡು. ಇಂಟರ್ನೆಟ್ ಮೇಲ್ ನಿಯಮಗಳಲ್ಲೇ ಹಾಗೆ ಬರೆದಿದೆ. ಕನ್ನಡದ ಮನೆಗಳಲ್ಲಿ ‘ರೀ’ ಅಂದರೆ ತಿರುಗಿ ನೋಡಲೇಬೇಕು, ಹಾಗಾಗಿ ನಮಗೆ ಈ ಮೋಸ ಒಂದು ಕೈ ಜಾಸ್ತಿ ತಾಗುತ್ತದೆ ಅಂತ ಕಾಣುತ್ತದೆ!

ಸದ್ಯಕ್ಕೆ ನನ್ನ ಮುಂದೆ ಎರಡು ಸಾಲುಗಳಿವೆ:

‘ಶೇ 10ರಿಂದ 50 ರಿಯಾಯಿತಿ, 30 ಕಡೇ ದಿನ’

‘ಬಂತು ರಾಜ್ಯೋತ್ಸವ: ಪುಸ್ತಕಗಳಿಗೆ ಶೇ 50ರ ತನಕ ರಿಯಾಯಿತಿ’

ಮೊದಲನೆಯದರಲ್ಲಿ ‘ಪುಸ್ತಕ’ ಅನ್ನುವ ಪದವೇ ಇಲ್ಲ. ಕಳಿಸಿದವರ ಹೆಸರಿನಲ್ಲಿ ‘ಪ್ರಕಾಶನ’ ಇರುವುದರಿಂದ ನಡೆಯುತ್ತದೆ ಅಂದುಕೊಂಡಿದ್ದೇನೆ. ಎರಡನೆಯದು ಫೋನಿನಲ್ಲಿ ‘ಶೇ’ ಹತ್ತಿರ ಕತ್ತರಿಸುತ್ತದೆ. ನಿಮ್ಮ ಪೆಟ್ಟಿಗೆಗೆ ಬಂದರೆ ಯಾವುದನ್ನು ತೆರೆಯುತ್ತೀರಿ? ಮೂರನೆಯದೊಂದು ಹೊಳೆದರೆ ಅದನ್ನೂ ಬರೆಯಿರಿ. ಮೇಲ್ ಹೊರಡುವುದು ಅಕ್ಟೋಬರ್ 31ರ ಸಂಜೆ.