‘ಪಾಲಿಗನ್’: ಬಹುಭುಜವೋ, ಮುಖವೋ, ಚಕ್ಕೆಯೋ?

ಮಾನ್ಯರೇ,

ಹಾಸನದ ಪ್ರೌಢಶಾಲೆಯೊಂದರ ಮಕ್ಕಳಿಗಾಗಿ, ಹಳೆಯ ವಿಡಿಯೊ ಗೇಮ್‌ಗಳಲ್ಲಿ ಚಿತ್ರ ಹೇಗೆ ಮೂಡುತ್ತಿತ್ತು ಎಂಬುದರ ಬಗ್ಗೆ ಲೇಖನವೊಂದನ್ನು ಬರೆಯುತ್ತಿದ್ದೇನೆ. ‘ಪಾಲಿಗನ್’ (ನೇರ ಗೆರೆಗಳಿಂದ ಸುತ್ತುವರಿದ ಚಪ್ಪಟೆ ಆಕೃತಿ) ಎಂಬ ಪದಕ್ಕೆ ತಕ್ಕ ಕನ್ನಡದ ಮಾತು ಸಿಗದೆ ಒಂದು ವಾರದಿಂದ ಬರವಣಿಗೆ ನಿಂತಿದೆ. ತಿಳಿದವರು ದಯವಿಟ್ಟು ನೆರವಾಗಬೇಕು.

ಲೇಖನಕ್ಕೆ ಉದಾಹರಣೆಯಾಗಿ ಆರಿಸಿಕೊಂಡಿರುವುದು ‘ಹಾರ್ಡ್ ಡ್ರೈವಿನ್’ ಎಂಬ ಕಾರಿನ ಆಟ. 1989ರಲ್ಲಿ ನಾಣ್ಯ ಹಾಕಿ ಆಡುವ ಆರ್ಕೇಡ್ ಯಂತ್ರವಾಗಿ ಬಂದಾಗ ಅದಕ್ಕೆ ನಿಜವಾದ ಕಾರಿನಂತೆ ಕೀಲಿ, ಕ್ಲಚ್ಚು, ಗೇರು ಎಲ್ಲವೂ ಇದ್ದವು; ರಸ್ತೆ, ಸೇತುವೆ, ಎದುರಿನಿಂದ ಬರುವ ವಾಹನಗಳೆಲ್ಲ ಒಂದೊಂದೇ ಬಣ್ಣ ತುಂಬಿದ ಪಾಲಿಗನ್‌ಗಳಿಂದ ಆಗಿದ್ದವು. ಅದೇ ಆಟ ಮನೆಯ ಟಿವಿಗೆ ಜೋಡಿಸಿ ಆಡುವ ಸೆಗಾ ಮೆಗಾ ಡ್ರೈವ್‌ಗೆ ಬಂದಾಗ ನಿರಾಸೆಯಾಯಿತು. ಆ ಯಂತ್ರವನ್ನು ಮಾಡಿದ್ದೇ 8×8 ಚುಕ್ಕಿಗಳ ಟೈಲ್‌ಗಳನ್ನು ಸಾಲಾಗಿ ಜೋಡಿಸಿ ಚಿತ್ರ ತೋರಿಸುವುದಕ್ಕೆ. ಹೀಗಾಗಿ ಪಾಲಿಗನ್ನಿನ ಮೂಲೆಗಳ ಲೆಕ್ಕವನ್ನೂ ಒಳಗೆ ಬಣ್ಣ ತುಂಬುವ ಕೆಲಸವನ್ನೂ ಸುಮಾರು 7.6 ಮೆಗಾಹರ್ಟ್ಸ್‌ನ 68000 ಪ್ರೊಸೆಸರ್ ಒಂದೇ ಹೊರಬೇಕಾಯಿತು. ಸೆಕೆಂಡಿಗೆ ಬೆರಳೆಣಿಕೆಯಷ್ಟು ಚಿತ್ರಗಳು ಮಾತ್ರ ತೆರೆಗೆ ಬರುತ್ತಿದ್ದವು. ಕಾರು ಓಡುವ ಬದಲು ಮುಗ್ಗರಿಸಿ ಮುಗ್ಗರಿಸಿ ಸಾಗುತ್ತಿತ್ತು. 1994ರಲ್ಲಿ ಅದೇ ಯಂತ್ರಕ್ಕೆ ಪಾಲಿಗನ್‌ಗಳದೇ ಇನ್ನೊಂದು ಕಾರಿನ ಆಟ ‘ವರ್ಚುವಾ ರೇಸಿಂಗ್’ ಬಂದಾಗ, ಈ ಲೆಕ್ಕಕ್ಕೆಂದೇ ಇನ್ನೊಂದು ಚಿಪ್ಪನ್ನು ಕಾರ್ಟ್ರಿಜ್‌ನೊಳಗೆ ಕೂರಿಸಬೇಕಾಯಿತು.

ಇನ್ನು ಪದದ ವಿಷಯ. ನಮ್ಮ ಗಣಿತ ಪಠ್ಯಗಳಲ್ಲಿ ಇದು ‘ಬಹುಭುಜಾಕೃತಿ’. ರೇಖಾಗಣಿತದಲ್ಲಿ ಅದಕ್ಕೆ ಯಾವ ಕೊರತೆಯೂ ಇಲ್ಲ. ಆದರೆ ಹಾರ್ಡ್ ಡ್ರೈವಿನ್ ಆಟದಲ್ಲಿ ದಾರಿಯ ಪಕ್ಕ ಒಂದು ಹಸು ನಿಂತಿರುತ್ತದೆ. ಕಾರು ಗುದ್ದಿದರೆ ‘ಅಂಬಾ’ ಎನ್ನುತ್ತದೆ. ಅದನ್ನು ‘ಬಹುಭುಜಗಳ ಹಸು’ ಎಂದು ಬರೆದು ಒಂಬತ್ತನೇ ತರಗತಿಯ ಹುಡುಗಿಯೊಬ್ಬಳಿಗೆ ಓದಲು ಕೊಟ್ಟೆ. ಹಸುವಿಗೆ ಎಷ್ಟು ಕೈ ಎಂದು ಅವಳು ಕೇಳಿದಳು. ಅವಳ ಪ್ರಶ್ನೆ ಸರಿಯಾಗಿಯೇ ಇದೆ. ಬೇಲೂರು, ಹಳೇಬೀಡುಗಳ ಮಹಿಷಮರ್ದಿನಿಯರನ್ನು ನೋಡಿ ಬೆಳೆದ ಮಕ್ಕಳಿಗೆ ‘ಅಷ್ಟಭುಜ’ ಎಂದರೆ ಎಂಟು ತೋಳಿನ ದೇವಿಯೇ ಹೊರತು ಎಂಟು ಬದಿಯ ಆಕೃತಿಯಲ್ಲ. ಪಾಲಿಗನ್ನಿನ ಗ್ರೀಕ್ ಮೂಲದಲ್ಲಿ ಇರುವುದು ‘ಹಲವು ಕೋನ’ ಎಂಬ ಅರ್ಥ. ಷಟ್ಕೋನದ ಜಾಡಿನಲ್ಲಿ ‘ಬಹುಕೋನ’ ಎಂದರೆ ತೋಳಿನ ಗೊಂದಲ ತಪ್ಪುತ್ತದೆ.

ಆದರೂ ನನ್ನ ತೊಡಕು ಪೂರ್ತಿ ಬಿಡಿಸಿಕೊಳ್ಳುವುದಿಲ್ಲ. ಭುಜ, ಕೋನಗಳೆರಡೂ ಆಕೃತಿಯ ಗಡಿಯನ್ನು ಹೇಳುತ್ತವೆ. ಆಟದಲ್ಲಿ ಕಣ್ಣಿಗೆ ಬೀಳುವುದು ಗಡಿಯಲ್ಲ, ಬಣ್ಣ ತುಂಬಿದ ಚಪ್ಪಟೆ ತುಂಡು. ಘನದ ಆರು ಮುಖಗಳು ಎನ್ನುವಂತೆ ‘ಮುಖ’ ಎನ್ನೋಣವೆಂದರೆ, ಹಸುವಿನ ಮುಖ ಯಾವುದು, ಹಸುವಿನ ಮೈಯ ಮುಖ ಯಾವುದು ಎಂಬ ಹೊಸ ಗೋಜಲು ಹುಟ್ಟುತ್ತದೆ. ಕುಂಟೆಬಿಲ್ಲೆಯ ‘ಬಿಲ್ಲೆ’ ನನಗೆ ತುಂಬ ಹಿಡಿಸಿತ್ತು. ಆದರೆ ನೆಲದ ಬಿಲ್ಲೆಯಂತೆ ಒಂದೇ ಅಳತೆಯಲ್ಲಿ ಸಾಲಾಗಿ ಕೂರುವ ಮೆಗಾ ಡ್ರೈವ್‌ನ ಟೈಲ್‌ಗೆ ಆ ಪದ ಇನ್ನೂ ಚೆನ್ನಾಗಿ ಒಪ್ಪುತ್ತದೆ, ಮತ್ತು ಈ ಲೇಖನದ ತಿರುಳೇ ಟೈಲ್‌ಗೂ ಪಾಲಿಗನ್‌ಗೂ ಇರುವ ವ್ಯತ್ಯಾಸ.

ಈಗ ನನ್ನ ಒಲವು ‘ಚಕ್ಕೆ’ಯ ಕಡೆಗಿದೆ. ಕಲ್ಲಿನಿಂದ ಹಾರುವುದು, ಗೋಡೆಯ ಸುಣ್ಣದಿಂದ ಏಳುವುದು ಚಕ್ಕೆ. ತೆಳು, ಚಪ್ಪಟೆ, ಇಷ್ಟೇ ಮೂಲೆಯೆಂಬ ಕಟ್ಟುಪಾಡಿಲ್ಲ. ‘ಕಾರನ್ನು ಚಕ್ಕೆಗಳಿಂದ ಕಟ್ಟಿದ್ದಾರೆ’ ಎಂದರೆ ಮಕ್ಕಳಿಗೆ ಚಿತ್ರ ಕಣ್ಣಿಗೆ ಕಟ್ಟುತ್ತದೆ. ಆದರೆ ಚಕ್ಕೆ ಎಂದರೆ ಒಡೆದು ಬಂದದ್ದು, ಅಂಚು ಒರಟು. ಪಾಲಿಗನ್ನಿನ ಅಂಚು ನೇರ. ನೇರ ಅಂಚಿನ, ಒಂದಕ್ಕೊಂದು ಕೂಡಿಸುವ ತುಂಡಿಗೂ ‘ಚಕ್ಕೆ’ ಎನ್ನುವ ಬಳಕೆ ಕಲ್ಲುಕೆಲಸದವರಲ್ಲಾಗಲಿ ಬಡಗಿಗಳಲ್ಲಾಗಲಿ ಇದೆಯೇ? ಇಲ್ಲವಾದರೆ, ಅಂಥ ತುಂಡಿಗೆ ನಿಮ್ಮ ಕಡೆ ಯಾವ ಮಾತಿದೆ?